ಕಾವು ಕೊಟ್ಟ ಮೀನಿನ ಪೆಟ್ಟಿಗೆ

ನಾನು ಒಂದು ಥರ್ಮಾಕೋಲ್ ಪೆಟ್ಟಿಗೆ. ಮೂಗು ಮುಚ್ಚಿಕೊಳ್ಳಬೇಡಿ. ಮೀನಿನ ವಾಸನೆ ಹೋಗಿ ವರ್ಷಗಳಾದವು. ಇನ್ನೂ ಇದೆ ಅನ್ನುವವರೂ ಇದ್ದಾರೆ, ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗಾದೆ ಬೇರೆ ಹೇಳುತ್ತಾರೆ. ಅದು ಹುಟ್ಟುಗುಣವಲ್ಲ ಸ್ವಾಮಿ, ಸಹವಾಸದೋಷ. ಹುಟ್ಟಿದ ದಿನ ನನ್ನ ಮೈಗೆ ಯಾವ ವಾಸನೆಯೂ ಇರಲಿಲ್ಲ.

ಹುಟ್ಟಿದ್ದು ಮಂಗಳೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ. ಮೊದಲು ನಾನು ಸಾಸಿವೆ ಕಾಳಿನಷ್ಟು ಬಿಳಿ ಮಣಿಗಳ ರಾಶಿಯಾಗಿದ್ದೆ. ಬಿಸಿ ಹಬೆ ಬಿಟ್ಟರು. ಮಣಿಗಳೆಲ್ಲ ಪುರಿಯ ಹಾಗೆ ಉಬ್ಬಿ, ಅಚ್ಚಿನೊಳಗೆ ಒಂದಕ್ಕೊಂದು ಅಂಟಿಕೊಂಡು ನಾನಾದೆ. ಅದೇ ಗಳಿಗೆಯಲ್ಲಿ ನನ್ನಂಥವರು ನೂರಾರು ಜನ ಹುಟ್ಟಿದರು. ಒಬ್ಬರ ಮುಖ ಇನ್ನೊಬ್ಬರಿಗೆ ಗುರುತು ಸಿಗುವ ಮೊದಲೇ ಲಾರಿಗೆ ಏರಿಸಿ ಧಕ್ಕೆಗೆ, ಅಂದರೆ ಮೀನಿನ ದೋಣಿಗಳ ಬಂದರಿಗೆ, ಕಳಿಸಿದರು.

ಧಕ್ಕೆಯಲ್ಲಿ ಐಸು, ಉಪ್ಪುನೀರು, ಬೈಗುಳ. ನನ್ನೊಳಗೆ ಒಂದು ಪದರ ಐಸು, ಒಂದು ಪದರ ಬಂಗುಡೆ, ಮೇಲೆ ಮತ್ತೆ ಐಸು. ಘಟ್ಟ ಹತ್ತಿ ಹುಣಸೂರಿನ ಮೀನು ಮಾರುಕಟ್ಟೆಗೆ ಬರುವಷ್ಟರಲ್ಲಿ ನನಗೆ ನಡುಕ. ಎರಡು ವರ್ಷ ನನ್ನ ಹೊಟ್ಟೆಯಲ್ಲಿ ಸತ್ತವರೇ ಮಲಗಿದರು. ಅವರ ಕಣ್ಣು ತೆರೆದೇ ಇರುತ್ತಿತ್ತು, ಮಾತು ಮಾತ್ರ ಇಲ್ಲ. ಒಂಟಿತನ ಅಂದರೇನು ಅಂತ ಆಗ ಕಲಿತೆ.

ಒಂದು ಸಲ ಲಾರಿಯಿಂದ ಬಿದ್ದು ಮೂಲೆ ಮುರಿಯಿತು. ಮೀನು ಮಾರುವ ಖಲೀಲಣ್ಣ ನನ್ನನ್ನು ವಾಪಸ್ಸು ಕಳಿಸದೆ ಅಂಗಡಿಯ ಹಿಂದೆ ಎಸೆದರು. ಮಾರುಕಟ್ಟೆಯ ಬೆಕ್ಕೊಂದು ಒಂದಿಷ್ಟು ದಿನ ಒಳಗೆ ಮಲಗಿತು, ವಾಸನೆ ಇದೆ ಮೀನಿಲ್ಲ ಅಂತ ಗೊತ್ತಾದ ಮೇಲೆ ಅದೂ ಬರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮಾರುಕಟ್ಟೆಗೆ ಒಬ್ಬ ಹೆಂಗಸು ಬಂದರು. ವಯಸ್ಸು ಅರವತ್ತೈದರ ಮೇಲೆ. ಆದರೆ ಏಳು ತಿಂಗಳ ಬಸುರಿಯ ಹಾಗೆ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು, ಹೆಜ್ಜೆ ಅಳೆದು ಅಳೆದು ಇಡುತ್ತಿದ್ದರು. ಮೀನು ಕೊಯ್ಯುತ್ತಿದ್ದವರೆಲ್ಲ ಕತ್ತಿ ನಿಲ್ಲಿಸಿ ನೋಡಿದರು.

"ಏನಮ್ಮಾರೆ ಇದು, ಈ ವಯಸ್ಸಲ್ಲಿ?" ಅಂತ ಖಲೀಲಣ್ಣ ನಕ್ಕರು.

"ಮೊಟ್ಟೆ ಕಣಪ್ಪ. ಟವೆಲಲ್ಲಿ ಸುತ್ತಿ ಹೊಟ್ಟೆಗೆ ಕಟ್ಕೊಂಡಿದೀನಿ, ತಣ್ಣಗಾಗ್ಬಾರ್ದು. ತಮಾಷೆ ಆಮೇಲೆ ಮಾಡು. ಮುಚ್ಚಳ ಗಟ್ಟಿಯಾಗಿ ಕೂರೋ ಡಬ್ಬ ಒಂದು ಕೊಡು, ಬೇಗ."

ಖಲೀಲಣ್ಣನ ನಗು ನಿಂತಿತು. "ನಮ್ಮನೆ ಮೂರು ಮಕ್ಕಳನ್ನೂ ಎತ್ತಿದ ಕೈ ನಿಮ್ದು, ಡಬ್ಬ ಏನ್ ಮಹಾ," ಅಂತ ಹಿಂದೆ ಬಂದು ನನ್ನನ್ನು ಎತ್ತಿ ಧೂಳು ಕೊಡವಿದರು. ಮೂಲೆ ಮುರಿದಿದ್ದರೂ ನನ್ನ ಮುಚ್ಚಳ ಗಟ್ಟಿ.

ಹೀಗೆ ನಾನು ಜಯಶೀಲಮ್ಮನವರ ಮನೆ ಸೇರಿದೆ. ಅವರ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ಅವರು ನರ್ಸಮ್ಮ. ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದವರು. ಸ್ವಂತಕ್ಕೆ ಮದುವೆ ಮಕ್ಕಳು ಅಂತ ಇಲ್ಲ. ಕೆಲಸದಲ್ಲಿ ಇದ್ದಷ್ಟು ದಿನ ಹೊತ್ತಲ್ಲದ ಹೊತ್ತಲ್ಲಿ ಜನ ಬಾಗಿಲು ಬಡಿಯುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಆ ಬಾಗಿಲನ್ನು ಬಡಿಯುತ್ತಿದ್ದದ್ದು ಒಬ್ಬರೇ, ಎದುರು ಮನೆಯ ಹೊಂಬಾಳಮ್ಮ. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು.

ಹೊಂಬಾಳಮ್ಮ ಬರುತ್ತಿದ್ದದ್ದು ಒಂದು ಕೋಳಿಯ ನೆಪದಲ್ಲಿ. ಆ ಕಡೆ ಕೋಳಿ ಇದ್ದವರು ಇಲ್ಲದವರಿಗೆ ಒಂದು ಹೇಂಟೆಯನ್ನು ಪಾಲಿಗೆ ಕೊಡುತ್ತಾರೆ. ಸಾಕುವುದು ಇವರು, ಮರಿಯಾದರೆ ಅರ್ಧ ಅವರಿಗೆ, ಅರ್ಧ ಇವರಿಗೆ. ಹೊಂಬಾಳಮ್ಮ ತಾಯಿ ಮನೆಯಿಂದ ತಂದು ಬೆಳೆಸಿಕೊಂಡು ಬಂದ ಬೋಳು ಕತ್ತಿನ ಕೋಳಿಗಳು ರೋಗ ಬಂದು ಸತ್ತು ಒಂದೇ ಉಳಿದಿತ್ತು. ಅದನ್ನೇ ನರ್ಸಮ್ಮನಿಗೆ ಪಾಲಿಗೆ ಕೊಟ್ಟಿದ್ದರು. "ಒಂದೇ ಷರತ್ತು ನರ್ಸವ್ವ, ನಮ್ಮವ್ವನ ಕಾಲದ್ದು. ಮೊದ್ಲು ಚಿಪ್ಪೊಡೆದ ಮರಿ ಕೋಳಿ ಕೊಟ್ಟೋರ್ದು," ಅಂದಿದ್ದರಂತೆ. ದಿನಾ ಬೆಳಿಗ್ಗೆ ಓಣಿ ದಾಟಿ ಬಂದು, ಕೋಳಿ ನೋಡಿ, ಕಾಫಿ ಕುಡಿದು, ಊರ ಸುದ್ದಿಯನ್ನೆಲ್ಲ ಹೇಳಿ ಹೋಗುವುದು. ಆ ಒಂದು ಗಂಟೆಗಾಗಿ ನರ್ಸಮ್ಮ ಉಳಿದ ಇಪ್ಪತ್ತಮೂರು ಗಂಟೆ ಕಳೆಯುತ್ತಿದ್ದರು.

ಕೋಳಿ ಹನ್ನೊಂದು ಮೊಟ್ಟೆಗೆ ಕಾವು ಕೂತಿತ್ತು. ಒಂಬತ್ತನೇ ದಿನ ಮೇಯಲು ಬಿಟ್ಟಾಗ ನರ್ಸಮ್ಮ ಜಗುಲಿಯ ಮೇಲೆ ಹಾಗೇ ನಿದ್ದೆ ಹೋದರು. ಮುಂಗುಸಿ ಬಂದು ಕೋಳಿಯನ್ನು ಎಳೆದುಕೊಂಡು ಹೋಯಿತು. ಬರೀ ಪುಕ್ಕ ಉಳಿದಿತ್ತು. ಹೊಂಬಾಳಮ್ಮ ಅದನ್ನು ನೋಡಿ, "ನಿನ್ನ ನಂಬಿ ಕೊಟ್ನಲ್ಲ, ನನ್ ಬುದ್ಧಿಗೆ ಹೊಡ್ಕೋಬೇಕು. ಇನ್ ನಿಂಗೂ ನಂಗೂ ಏನ್ ಉಳೀತು?" ಅಂತ ಹೇಳಿ ಹೋಗಿ ಬಾಗಿಲು ಹಾಕಿಕೊಂಡರು. ಇದನ್ನೆಲ್ಲ ನಾನು ಕಂಡಿಲ್ಲ. ಆಮೇಲೆ ನರ್ಸಮ್ಮ ಮೊಟ್ಟೆಗಳಿಗೆ ಹೇಳುವಾಗ ಕೇಳಿಸಿಕೊಂಡೆ. ಉಳಿದಿದ್ದದ್ದು ಆ ಹನ್ನೊಂದು ಮೊಟ್ಟೆ. ಮರಿಯಾದರೆ ಹೊಂಬಾಳಮ್ಮ ಓಣಿ ದಾಟುತ್ತಾರೆ, ಆಗದಿದ್ದರೆ ಇಲ್ಲ. ನರ್ಸಮ್ಮನ ಲೆಕ್ಕ ಅಷ್ಟೇ ಇತ್ತು.

ನನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಕಾಸಿದ ಕಂಬಿಯಿಂದ ಆರು ತೂತು ಮಾಡಿದರು. ನೋವಾಯಿತು ಅಂದರೆ ನೀವು ನಗುತ್ತೀರಿ, ಬಿಡಿ. ಮುಚ್ಚಳದಲ್ಲಿ ಚೌಕಾಕಾರದ ಕಿಂಡಿ ಕೊಯ್ದು ಅದಕ್ಕೆ ಗಾಜು ಕೂರಿಸಿದರು. ಗಾಜು ಎಲ್ಲಿಯದು ಅಂದಿರಿ? ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ನಿಂತ ಫೋಟೋದ್ದು. ಫೋಟೋ ಟ್ರಂಕಿಗೆ ಹೋಯಿತು. ಒಳಗೆ ಬಲ್ಬು ಹಾಕಿದರು. ಈ ಕಾಲದ ಬಿಳಿ ಬಲ್ಬು, ಬೆಳಕು ಬಂತು, ಬಿಸಿ ಬರಲಿಲ್ಲ. ಅಂಗಡಿಯಲ್ಲಿ ಹಳೇ ಹಳದಿ ಬಲ್ಬು ಸಿಗುವುದಿಲ್ಲ. ಕೊನೆಗೆ ಬಚ್ಚಲುಮನೆಯ ಅರವತ್ತು ಕ್ಯಾಂಡಲ್ ಬಲ್ಬು ಬಿಚ್ಚಿ ತಂದರು. ಆಮೇಲೆ ಎಷ್ಟೋ ದಿನ ಅವರದು ಕತ್ತಲಲ್ಲೇ ಸ್ನಾನ.

ಬಲ್ಬು ಹತ್ತಿಕೊಂಡಿತು. ಅಬ್ಬಾ, ಆ ಬಿಸಿ! ಐಸಿನಲ್ಲೇ ಬಾಳಿದ ನನಗೆ ಒಳಗೆ ಸೂರ್ಯ ಹುಟ್ಟಿದಂತಾಯಿತು. ಹುಲ್ಲು ಹಾಸಿ, ಒಂದು ಬಟ್ಟಲಲ್ಲಿ ನೀರಿಟ್ಟು, ಹನ್ನೊಂದು ಮೊಟ್ಟೆಗಳನ್ನು ಇಟ್ಟರು. ಕೋಳಿಯ ಬುಟ್ಟಿಯಲ್ಲಿ ಹೊಂಬಾಳಮ್ಮ ಇಟ್ಟಿದ್ದ ಕಬ್ಬಿಣದ ಮೊಳೆ ಮತ್ತು ಇದ್ದಿಲನ್ನೂ ತಂದು ಮೂಲೆಯಲ್ಲಿ ಇಟ್ಟರು. ಸಿಡಿಲಿನ ಸದ್ದಿಗೆ ಮೊಟ್ಟೆ ಕೆಡದಿರಲಿ ಅಂತ ಇಡುವುದಂತೆ. ನರ್ಸಮ್ಮನಿಗೆ ಅದರಲ್ಲೆಲ್ಲ ನಂಬಿಕೆ ಇಲ್ಲ. "ಅವಳಿಟ್ಟಿದ್ದು, ಇರ್ಲಿ," ಅಂದರು.

ಜ್ವರ ನೋಡುವ ಥರ್ಮಾಮೀಟರನ್ನು ಒದರಿ ಒದರಿ ನನ್ನೊಳಗೆ ಇಟ್ಟು ನೋಡುವುದು, ನೂರೊಂದು ದಾಟಿದರೆ ತೂತು ತೆರೆಯುವುದು, ಇಳಿದರೆ ಹತ್ತಿ ತುರುಕುವುದು. ಮೊಟ್ಟೆಗಳಿಗೆ ಪೆನ್ಸಿಲಿನಲ್ಲಿ ನಂಬರು ಹಾಕಿ ದಿನಕ್ಕೆ ಮೂರು ಸಲ ಮಗ್ಗುಲು ಬದಲಾಯಿಸುವುದು. ಬಸುರಿಯ ಹೊಟ್ಟೆಗಿಟ್ಟು ಮಗುವಿನ ಎದೆಬಡಿತ ಕೇಳುವ ಕೊಳವೆಯನ್ನು ಮೊಟ್ಟೆಗಿಟ್ಟು ಕಿವಿಗೊಡುವುದು. ಮೂರನೇ ದಿನ ಕಿಟಕಿ ಮುಚ್ಚಿ, ಒಂದೊಂದನ್ನೇ ಟಾರ್ಚಿನ ಮುಂದೆ ಹಿಡಿದರು. ಎರಡರಲ್ಲಿ ಏನೂ ಇರಲಿಲ್ಲ, ಒಂದು ಕೆಟ್ಟಿತ್ತು. ಎಂಟರಲ್ಲಿ ಕೆಂಪು ನರದ ಬಲೆ, ನಡುವೆ ಒಂದು ಚುಕ್ಕೆ ಅಲ್ಲಾಡುತ್ತಿತ್ತು. "ಎಂಟು ಜನ ಇದೀರಿ ಕಣ್ರೇ," ಅಂತ ನರ್ಸಮ್ಮ ಅತ್ತುಬಿಟ್ಟರು.

ಇನ್ನು ಮಾತೋ! ಎದುರು ಮನೆಯವರು ಬರುವುದು ನಿಲ್ಲಿಸಿದ ಮೇಲೆ ಆಡದೆ ಉಳಿದ ಮಾತೆಲ್ಲ ಮೊಟ್ಟೆಗಳ ಪಾಲಾಯಿತು. ಗಾಜಿನ ಕಿಂಡಿಗೆ ಮುಖವಿಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ, "ಬೆಚ್ಚಗಿದೀರೇನ್ರೇ ಬಂಗಾರಿಗಳಾ? ಇವತ್ತು ಬಸ್ಸಾರು ಮಾಡಿದೀನಿ. ಯಾರಿಗೆ ಬಡಿಸ್ಲಿ ಹೇಳಿ. ಅವಳು ಬಾಗ್ಲಲ್ಲಿ ಸೊಪ್ಪು ಬಿಡಿಸ್ತಾ ಕೂತಿದಾಳೆ, ಈ ಕಡೆ ತಿರುಗೂ ನೋಡ್ಲಿಲ್ಲ."

ತಿರುಗಿ ನೋಡದಿದ್ದರೂ ಹೊಂಬಾಳಮ್ಮನಿಗೆ ಸುದ್ದಿ ಮುಟ್ಟಿತ್ತು. ಒಂದು ದಿನ ಓಣಿಯಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕಿಟಕಿಯಲ್ಲಿ ಕೇಳಿಸಿತು. "ಮೀನಿನ ಡಬ್ಬ ಕಾವು ಕೂತದಂತೆ ಕಣಕ್ಕ. ಎತ್ತು ಈಯ್ತು ಅಂದ್ರೆ ಕೊಟ್ಗೇಲಿ ಕಟ್ಟು ಅಂದಂಗಾಯ್ತು!" ನನಗೆ ಸಿಟ್ಟು ಬಂತು. ನರ್ಸಮ್ಮ ಮಾತ್ರ, ಆಡಿಕೊಳ್ಳುವುದಕ್ಕಾದರೂ ನೆನೆಸಿಕೊಂಡರಲ್ಲ ಅನ್ನುವ ಹಾಗೆ ಕಿಟಕಿಯ ಹತ್ತಿರ ನಿಂತೇ ಇದ್ದರು.

ಆರನೇ ದಿನ ಮಟ್ಟ ಮಧ್ಯಾಹ್ನ ಕರೆಂಟು ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಸಂಜೆಯಾಗುತ್ತದೆ ಅಂದರು. ನರ್ಸಮ್ಮ ಹಳೇ ಗ್ಲೂಕೋಸ್ ಬಾಟಲಿಗಳಿಗೆ ಬಿಸಿನೀರು ತುಂಬಿ ನನ್ನೊಳಗೆ ಇಟ್ಟು, ತಮ್ಮ ಎರಡು ಕಂಬಳಿಯನ್ನೂ ನನಗೆ ಹೊದಿಸಿ, ಆ ಸೆಕೆಯಲ್ಲಿ ನನ್ನನ್ನು ಅಪ್ಪಿಕೊಂಡು ಮಲಗಿದರು. ಅದುವರೆಗೆ ನನ್ನನ್ನು ಯಾರೂ ಅಪ್ಪಿಕೊಂಡಿರಲಿಲ್ಲ. ಅವರು ಅಪ್ಪಿಕೊಂಡದ್ದು ಮೊಟ್ಟೆಗಳನ್ನು, ನಡುವೆ ನಾನಿದ್ದೆ ಅಷ್ಟೆ. ಆದರೂ ಆ ಮೂರು ಗಂಟೆ ನನ್ನ ಬಾಳಿನಲ್ಲೇ ಸುಖದ ಹೊತ್ತು.

ಕೋಳಿ ಕೂತ ದಿನದಿಂದ ಇಪ್ಪತ್ತೊಂದನೇ ಬೆಳಿಗ್ಗೆ ನಾಲ್ಕನೇ ನಂಬರಿನ ಮೊಟ್ಟೆಯಲ್ಲಿ ಬಿರುಕು ಬಿಟ್ಟಿತು. ಒಂದು ಚೂರು ಚಿಪ್ಪು ಬಿದ್ದು ಕೊಕ್ಕಿನ ತುದಿ ಕಂಡಿತು. ನರ್ಸಮ್ಮ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಗಡಿಯಾರ ಎದುರಿಗಿಟ್ಟುಕೊಂಡು ಕೂತರು. ಎಂಟಾಯಿತು, ಹತ್ತಾಯಿತು. ಮರಿ ಒಮ್ಮೆ ಕುಟುಕುತ್ತದೆ, ಸುಮ್ಮನಾಗುತ್ತದೆ. ಹನ್ನೆರಡು. ಇನ್ನೆರಡರಲ್ಲೂ ಬಿರುಕು ಬಂತು, ಮುಂದಕ್ಕೆ ಹೋಗಲಿಲ್ಲ. ಎರಡು ಗಂಟೆಗೆ ನರ್ಸಮ್ಮ ಎದ್ದು ನಿಂತರು. "ಸುಸ್ತಾಗೋಗಿದೆ. ಇನ್ನು ಕಾದ್ರೆ ಕೈ ಬಿಟ್ಟು ಹೋಗತ್ತೆ," ಅಂದರು.

ಬೇಡ ಅಂತ ನಾನು ಹೇಗೆ ಹೇಳಲಿ? ಗ್ಲೌಸು ಹಾಕಿ, ಚಿಮಟ ಕುದಿಸಿ ತಂದು, ಮುಚ್ಚಳ ತೆಗೆದರು. ಮೇಲೆ ಫ್ಯಾನು ತಿರುಗುತ್ತಿತ್ತು. ನನ್ನ ಬಿಸಿಯೆಲ್ಲ, ತೇವವೆಲ್ಲ ಗಾಳಿಗೆ ಹೋಯಿತು. ಎಷ್ಟೋ ಮಕ್ಕಳನ್ನು ಎತ್ತಿದ ಪಳಗಿದ ಕೈ, ನಡುಗಲಿಲ್ಲ. ಚಿಪ್ಪನ್ನು ಚೂರು ಚೂರೇ ಬಿಡಿಸಿದರು, ಒಳಗಿನ ಪೊರೆ ಹರಿದರು. ರಕ್ತ ಬಂತು. ಮರಿ ಅವರ ಅಂಗೈಯಲ್ಲಿ ಎರಡು ಸಲ ಬಾಯಿ ಕಳೆದು ಸುಮ್ಮನಾಯಿತು. ತಡವಾಗಿದ್ದಕ್ಕೇ ಹೀಗಾಯಿತು ಅಂದುಕೊಂಡು ಉಳಿದೆರಡನ್ನು ಇನ್ನೂ ಬೇಗ ಬೇಗ ಬಿಡಿಸಿದರು. ಸಂಜೆಯ ಹೊತ್ತಿಗೆ ಮೂರೂ ಹೋದವು. ಅಷ್ಟು ಹೊತ್ತು ಗಾಳಿಗೆ ತೆರೆದಿದ್ದ ಉಳಿದ ಮೊಟ್ಟೆಗಳಲ್ಲಿ ಕೊಳವೆಯಿಟ್ಟು ಕೇಳಿದರೆ ಸದ್ದಿಲ್ಲ. ಒಳಗಿನ ಪೊರೆ ಒಣಗಿ ಮರಿಗಳನ್ನು ಬಿಗಿದು ಹಾಕಿರಬೇಕು. ಮುಚ್ಚಳ ಹಾಕಿದರು, ನನ್ನೊಳಗಿನ ಬಲ್ಬು ಆರಿಸಲು ಮರೆತರು. ನರ್ಸಮ್ಮ ಅವತ್ತು ಮನೆಯ ದೀಪ ಹಾಕಲಿಲ್ಲ, ಊಟವನ್ನೂ ಮಾಡಲಿಲ್ಲ. ಮೊದಲ ಸಲ ಮಾತನ್ನೂ ಆಡಲಿಲ್ಲ.

ಬೆಳಿಗ್ಗೆ ಸ್ಟೀಲು ತಟ್ಟೆಯಲ್ಲಿ ಹತ್ತಿ ಹಾಸಿ, ಮೂರು ಮರಿಗಳನ್ನು ಮಲಗಿಸಿಕೊಂಡು ಓಣಿ ದಾಟಿದರು. ಕಿಟಕಿಯಲ್ಲಿ ನನಗೆ ಎಲ್ಲ ಕೇಳುತ್ತಿತ್ತು.

"ಹೊಂಬಾಳಮ್ಮ, ಬಾಗ್ಲು ತೆಗೀರಿ. ಬೈಯಿರಿ, ಆದ್ರೆ ತೆಗೀರಿ."

ಬಾಗಿಲು ತೆಗೆದ ಸದ್ದು. "ಅಯ್ಯೋ ಶಿವ್ನೇ, ಏನ್ ಮಾಡ್ದೆ ನರ್ಸವ್ವ?"

"ಒದ್ದಾಡ್ತಿತ್ತು. ಎಳೆದೆ."

"ಎಳ್ದಾ! ಅದೇನ್ ಮನುಷ್ಯರ ಕೂಸಾ ಎಳೆಯಕ್ಕೆ? ಒಳಗಿರೋ ರಕ್ತ ಎಲ್ಲ ಅದು ಈರ್ಕೋಬೇಕು, ಸುಸ್ತಾಗಿ ಮಲಗ್ಬೇಕು, ಎದ್ದು ತಿರ್ಗ ಒಡೀಬೇಕು. ಒಂದೊಂದ್ ಸಲ ಒಂದ್ ಹಗಲು ಒಂದ್ ರಾತ್ರಿ ಆಯ್ತದೆ. ಕೋಳಿ ಏನ್ ಮಾಡ್ತದೆ ಗೊತ್ತಾ? ಸುಮ್ಕೆ ಕೂತಿರ್ತದೆ. ಅದ್ಕೆ ಕೈ ಇಲ್ವಲ್ಲ, ಅದ್ಕೇ ಅದು ನಿಂಗಿಂತ ವಾಸಿ!"

ಬೈಯುತ್ತಾ ಬೈಯುತ್ತಾ ಹೊಂಬಾಳಮ್ಮ ಓಣಿ ದಾಟಿ ಒಳಗೆ ಬಂದರು. ನನ್ನನ್ನು ನೋಡಿ, "ಥೂ, ಮೀನಿನ ನಾತ," ಅಂದರು. ಮುಚ್ಚಳ ತೆಗೆದವರಿಗೆ ಮೂಲೆಯ ಮೊಳೆ, ಇದ್ದಿಲು ಕಂಡವು. ಬೈಗುಳ ಅಲ್ಲಿಗೆ ನಿಂತಿತು. ಉಳಿದ ಐದು ಮೊಟ್ಟೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದರು. ನಾಲ್ಕನ್ನು ಪಕ್ಕಕ್ಕಿಟ್ಟರು. ಐದನೆಯದನ್ನು ಹಿಡಿದು ಉಸಿರು ಕಟ್ಟಿ ನಿಂತರು.

"ಇರವ್ವ... ಕುಟುಕ್ತಾ ಅದೆ."

ನರ್ಸಮ್ಮ ಕಿತ್ತುಕೊಳ್ಳುವಂತೆ ಕೈ ಚಾಚಿದರು. ಹೊಂಬಾಳಮ್ಮ ಆ ಕೈಗೆ ಪಟ್ಟಂತ ಹೊಡೆದು, ಬಿಸಿನೀರಲ್ಲಿ ಬಟ್ಟೆ ಅದ್ದಿ ನನ್ನೊಳಗೆ ಹಾಕಿ, ಫ್ಯಾನು ನಿಲ್ಲಿಸಿ, ಮುಚ್ಚಳ ಹಾಕಿದರು. ಇಬ್ಬರೂ ನೆಲದ ಮೇಲೆ ನನ್ನ ಎರಡು ಪಕ್ಕ ಕೂತರು. ಒಂದು ಗಂಟೆಯೂ ಆಗಿರಲಿಲ್ಲ, ನರ್ಸಮ್ಮನ ಕೈ ಮುಚ್ಚಳದ ಕಡೆ ಬಂತು. ಹೊಂಬಾಳಮ್ಮ ಎರಡು ಕೈಯನ್ನೂ ಹಿಡಿದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. "ಇವು ನನ್ ತಾವಿರ್ಲಿ," ಅಂದರು.

ಚಿಪ್ಪಿನಲ್ಲಿ ಬಿರುಕು ಬಂದಾಗ ನರ್ಸಮ್ಮ ಇಡೀ ಮೈ ಬಿಗಿ ಹಿಡಿದಿದ್ದರು. "ಕೆಲಸಕ್ಕೆ ಸೇರಿದ ವರ್ಷ," ಅಂತ ಶುರುಮಾಡಿದರು. "ಕಾಡಂಚಿನ ಹಳ್ಳಿ. ಮಗು ಅಡ್ಡ ಇತ್ತು. ಮುಟ್ಬೇಡ, ಜೀಪ್ ಬರ್ತದೆ, ಕಾಯಿ ಅಂದ್ರು. ಕಾದೆ. ಸಂಜೆವರೆಗೂ ಕಾದೆ ಹೊಂಬಾಳಮ್ಮ. ಮಗು ನೀಲಿಯಾಗಿ ಬಂತು. ಆ ತಾಯಿ ನನ್ನ ನೋಡಿದ್ದು... ಅವತ್ತಿಂದ ನಾನು ಯಾವತ್ತೂ ಕಾಯ್ಲಿಲ್ಲ."

ಹೊಂಬಾಳಮ್ಮ ಕೈ ಬಿಡಲಿಲ್ಲ. "ಅವತ್ತಿಂದು ಅವತ್ತಿಗೆ. ಇದು ಕೋಳಿ," ಅಂದರು.

ನಾಲ್ಕೂವರೆಗೆ ಚಿಪ್ಪು ಎರಡು ಹೋಳಾಯಿತು. ಒದ್ದೆ ಬಟ್ಟೆಯ ಚೂರಿನ ಹಾಗೆ ಒಂದು ಮರಿ ನನ್ನ ನೆಲಕ್ಕೆ ಉರುಳಿತು. ಕತ್ತು ಬೋಳು. "ಬಂದ್ಯಾ ಬಂಗಾರಿ," ಅಂದರು ನರ್ಸಮ್ಮ. ನನ್ನ ಹೊಟ್ಟೆಯಲ್ಲೇ ಹುಟ್ಟಿದ ಒಂದು ಜೀವ ಮೊದಲ ಬಾರಿಗೆ ಎದ್ದು ನಿಂತಿತು. ಅದು ನಡುಗುತ್ತಾ ಬಂದು ನನ್ನ ಗೋಡೆಗೆ ಒರಗಿ ಕಣ್ಣು ಮುಚ್ಚಿದಾಗ ನನಗೆ ಆದ ಸಂತೋಷವನ್ನು ಹೇಳಲು ನನ್ನಿಂದಾಗದು.

ಮಾರನೇ ದಿನ ಮರಿ ಒಣಗಿ ಹತ್ತಿಯ ಉಂಡೆಯಾಯಿತು. ನರ್ಸಮ್ಮ ಅದನ್ನೆತ್ತಿ ಹೊಂಬಾಳಮ್ಮನ ಮಡಿಲಿಗೆ ಹಾಕಿದರು. "ಮೊದ್ಲ ಮರಿ ಕೊಟ್ಟೋರ್ದು."

ಇರಲಿ ಇಟ್ಟುಕೋ ಅಂತ ಹೊಂಬಾಳಮ್ಮ ಹೇಳಬಹುದಿತ್ತು. ಹೇಳಲಿಲ್ಲ. ಅವರ ತಾಯಿಯ ಕೋಳಿಯ ಕೊನೆಯ ಕುಡಿ ಅದು. ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ನರ್ಸಮ್ಮ ಬಲ್ಬು ಆರಿಸಿದರು. ನಾನು ತಣ್ಣಗಾದೆ. ಮನೆಯಲ್ಲಿ ನಾವಿಬ್ಬರೇ, ಒಬ್ಬರಿಗೊಬ್ಬರು ಏನು ಹೇಳುವುದು?

ಆದರೆ ಎದುರು ಮನೆಯಿಂದ ಸದ್ದು ಬರುತ್ತಲೇ ಇತ್ತು. ಒಂಟಿ ಮರಿ, ಕೀಚ್ ಕೀಚ್ ಅಂತ ಉಸಿರು ತೆಗೆಯದೆ ಅರಚುತ್ತಿತ್ತು. ನುಚ್ಚು ಹಾಕಿದರೂ ಅರಚು, ಬುಟ್ಟಿ ಮುಚ್ಚಿದರೂ ಅರಚು. ನರ್ಸಮ್ಮ ಎರಡು ದಿನ ಕಿಟಕಿಯ ಸರಳು ಹಿಡಿದು ನಿಂತರು. ಹೋಗಿ ನೋಡಲಿಲ್ಲ. ಕಾಯುವುದನ್ನು ಈಗಷ್ಟೇ ಕಲಿತಿದ್ದರಲ್ಲ.

ಮೂರನೇ ದಿನ ಬೆಳಿಗ್ಗೆ ಹೊಂಬಾಳಮ್ಮ ಬಾಗಿಲು ತಳ್ಳಿಕೊಂಡೇ ಬಂದರು. ಕಣ್ಣು ಕೆಂಪಗಾಗಿತ್ತು, ಅಂಗೈಯಲ್ಲಿ ಮರಿ ಕೂಗುತ್ತಿತ್ತು. "ತಗೋ ಮಾರಾಯ್ತಿ ನಿನ್ ಕೂಸ! ಎರಡ್ ದಿನದಿಂದ ಕಣ್ ಮುಚ್ಚಿಲ್ಲ ನಾನು. ಇದ್ಕೆ ಏನ್ ಮಾಡಿದ್ದೀಯ ನೀನು?"

"ಯಾಕೋ ಬಂಗಾರಿ?" ಅಂದರು ನರ್ಸಮ್ಮ.

ಅಷ್ಟೇ. ಮರಿಯ ಕೂಗು ಕತ್ತರಿಸಿದಂತೆ ನಿಂತಿತು. ಕತ್ತು ನೀಡಿ ದನಿ ಬಂದ ಕಡೆ ನೋಡಿತು, ಹೊಂಬಾಳಮ್ಮನ ಕೈಯಿಂದ ಧುಮುಕಿ, ಬಿದ್ದು ಎದ್ದು ಓಡಿ, ನರ್ಸಮ್ಮನ ಪಾದದ ಮೇಲೆ ಕೂತಿತು. ಇಬ್ಬರು ಹೆಂಗಸರೂ ಬಾಯಿ ಬಿಟ್ಟುಕೊಂಡು ನಿಂತರು. ಚಿಪ್ಪಿನೊಳಗೆ ಇದ್ದಾಗ ಹನ್ನೆರಡು ದಿನ ಕೇಳಿದ ದನಿ ಅದು. ಬಸ್ಸಾರಿನ ಸುದ್ದಿ, ಕತ್ತಲು ಸ್ನಾನದ ಸುದ್ದಿ, ಎಲ್ಲ ಕೇಳಿಸಿಕೊಂಡಿತ್ತು ಕಳ್ಳ.

ನರ್ಸಮ್ಮ ಕುಸಿದು ಕೂತು ಅತ್ತರು. ಹೊಂಬಾಳಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಅವರ ಮುಖ ಒರೆಸಿದರು. "ಅಳ್ಬೇಡ. ಪೂರ್ತಿ ನಿಂಗೇ ಬಿಟ್ಟೆ ಅಂದ್ಕೋಬೇಡ ಮತ್ತೆ. ಅರ್ಧ ನಂದು. ನನ್ನರ್ಧ ಬೆಳೀತಾ ಅದಾ ಇಲ್ವಾ ಅಂತ ದಿನಾ ಬಂದು ನೋಡ್ತೀನಿ. ಕಾಫಿಗಿಡು, ಹೋಗು."

ಮರಿಯನ್ನು ಒಂದಿಷ್ಟು ದಿನ ನನ್ನೊಳಗೇ ಬಲ್ಬಿನ ಕೆಳಗೆ ಬಿಟ್ಟರು. ನರ್ಸಮ್ಮ ಪಕ್ಕದಲ್ಲಿ ಮಾತಾಡುತ್ತಿದ್ದರೆ ಸುಮ್ಮನಿರುತ್ತಿತ್ತು, ಎದ್ದು ಹೋದರೆ ನನ್ನ ಗೋಡೆಯನ್ನು ಪರಚಿ ಪರಚಿ ಕೂಗುತ್ತಿತ್ತು. ಇದ್ದ ಬಿಸಿಯೆಲ್ಲ ಕೊಟ್ಟೆ. ಅದಕ್ಕೆ ಬೇಕಾದದ್ದು ಅದಲ್ಲ. ಪುಕ್ಕ ಬಂದ ಮೇಲೆ ಅದು ಹೊರಗೆ ಹೋಯಿತು, ಬಲ್ಬು ಬಚ್ಚಲುಮನೆಗೆ ಹೋಯಿತು, ನಾನು ಹಿತ್ತಲಿಗೆ ಬಂದೆ.

ಈಗ ಅದು ದೊಡ್ಡ ಹೇಂಟೆ. ಎರಡು ಸಲ ಕಾವು ಕೂತು ಮರಿ ಮಾಡಿದೆ, ಬಿದಿರಿನ ಬುಟ್ಟಿಯಲ್ಲಿ. ತಾಯಿ ಇದ್ದ ಮೇಲೆ ಪೆಟ್ಟಿಗೆ ಯಾಕೆ? ಮರಿಗಳಲ್ಲಿ ಅರ್ಧ ಆ ಮನೆಗೆ, ಅರ್ಧ ಈ ಮನೆಗೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಒಳಗಿನಿಂದ ಇಬ್ಬರ ನಗು ಕೇಳುತ್ತದೆ. ಮೊನ್ನೆ ಗುಜರಿಯವನು ಬಂದಿದ್ದ. ಮುರುಕು ಬಕೆಟ್ಟು, ತುಕ್ಕು ತಗಡು ಎಲ್ಲ ತೆಗೆದುಕೊಂಡ. ನನ್ನನ್ನು ಕಾಲಿನಿಂದ ಸರಿಸಿ, "ಇದು ಬೇಡಮ್ಮ, ಇದನ್ನ ಯಾರೂ ತಗೊಳಲ್ಲ," ಅಂದ. ನನ್ನ ಜಾತಿಗೆ ಕೊಳೆಯುವುದೂ ಗೊತ್ತಿಲ್ಲ, ಕರಗುವುದೂ ಗೊತ್ತಿಲ್ಲ. ಹೀಗೇ ಇರುತ್ತೇನೆ, ಎಷ್ಟು ವರ್ಷವೋ. ಸಂಕಟವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಒಂದೇ ಒಂದು ಮಾತಾಡುವ ಬಾಯಿ ನನಗಿದ್ದಿದ್ದರೆ ಅಂತ ಅನ್ನಿಸುತ್ತದೆ.

ನಿನ್ನೆ ಆ ಹೇಂಟೆ ಒಂದೇ ನೆಗೆತಕ್ಕೆ ನನ್ನ ಮೇಲೆ ಬಂದು ಕೂತಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಕತ್ತು ಓರೆ ಮಾಡಿ ನನ್ನನ್ನೇ ನೋಡಿತು. ಗುರುತು ಸಿಕ್ಕಿತೇನೋ ಅಂತ ನಾನು ಮೈಯೆಲ್ಲ ಕಿವಿಯಾದೆ. ಅದು ನನ್ನ ಮುರಿದ ಮೂಲೆಯನ್ನು ಕುಕ್ಕಿ, ಎರಡು ಬಿಳಿ ಮಣಿಗಳನ್ನು ಕಿತ್ತು, ಅಕ್ಕಿಯೋ ಏನೋ ಅಂದುಕೊಂಡು ನುಂಗಿತು. ಅಷ್ಟರಲ್ಲಿ ಒಳಗಿನಿಂದ ನರ್ಸಮ್ಮ "ಬಂಗಾರೀ" ಅಂತ ಕರೆದರು, ಹಾರಿ ಓಡಿಹೋಯಿತು.

ಇವತ್ತೂ ಬರಲಿ. ಎಷ್ಟು ಬೇಕಾದರೂ ಕುಕ್ಕಲಿ.